ನಗು ಎಲ್ಲಿ ಅಂಟಬೇಕು

ರಾಜಸ್ಥಾನದ ಮರಳು ಸೀಮೆಯ ರಸ್ತೆಯಲ್ಲಿ ಒಂದು ಬಸ್ಸು ಬರುತ್ತಿದೆ. ಒಳಗೆ ಎಷ್ಟು ಜನ ಇದ್ದಾರೋ ಕಾಣುವುದಿಲ್ಲ, ಹೊರಗೇ ಒಂದು ಊರಿನಷ್ಟು ಜನ ಇದ್ದಾರೆ. ಟಾಪಿನ ಮೇಲೆ, ಕಿಟಕಿಯ ಸರಳಿಗೆ, ಬಾಗಿಲ ಪಕ್ಕಕ್ಕೆ, ಎಲ್ಲೆಂದರಲ್ಲಿ ಜೇನುನೊಣಗಳು ಹುಟ್ಟಿಗೆ ಕೂತಂತೆ ಕೂತಿದ್ದಾರೆ. ರಸ್ತೆ ಸರಿಯಿಲ್ಲ. ಬಸ್ಸು ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ಕುಲುಕಿ ಎಗರುತ್ತದೆ. ಈಗ ಬಿದ್ದರು, ಇನ್ನೇನು ಬಿದ್ದರು ಎಂದು ನೋಡುವವರ ಜೀವ ಬಾಯಿಗೆ ಬರುತ್ತದೆ. ಒಬ್ಬರೂ ಬೀಳುವುದಿಲ್ಲ. ಅವರ ಮುಖದಲ್ಲಿ ಗಾಬರಿಯೂ ಇಲ್ಲ, ದಿನಾ ಹೀಗೇ ಓಡಾಡುವವರ ನಿರಾಳವಿದೆ. ಬಸ್ಸು ನಮ್ಮನ್ನು ದಾಟಿ ಹೋದ ಮೇಲೆ ಅದರ ಹಿಂಬದಿ ಕಾಣಿಸುತ್ತದೆ. ಅಲ್ಲೊಂದು ಫೆವಿಕಾಲ್ ಫಲಕ. ಮುಗಿಯಿತು.

2002ರ ಈ ಜಾಹೀರಾತಿನಲ್ಲಿ ಯಾರೂ ಅಂಟಿನ ಬಗ್ಗೆ ಒಂದು ಮಾತಾಡುವುದಿಲ್ಲ. ಡಬ್ಬಿ ಹಿಡಿದು ನಿಂತ ಚಿತ್ರನಟ ಇಲ್ಲ, ಗುಣಗಾನ ಇಲ್ಲ, ಬೆಲೆ ಇಲ್ಲ. ನಿರ್ದೇಶಿಸಿದವರು ಪ್ರಸೂನ್ ಪಾಂಡೆ. ಮಾಡಿಸಿದ ಏಜೆನ್ಸಿ ಒಗಿಲ್ವಿ. ಅಲ್ಲಿ ಬರೆಯುವ, ಯೋಚಿಸುವ ವಿಭಾಗದ ಚುಕ್ಕಾಣಿ ಪ್ರಸೂನ್ ಅವರ ಅಣ್ಣ ಪೀಯೂಷ್ ಪಾಂಡೆ ಅವರ ಕೈಯಲ್ಲಿತ್ತು. ಫ್ರಾನ್ಸಿನ ಕಾನ್ ನಗರದಲ್ಲಿ ವರ್ಷಾವರ್ಷ ನಡೆಯುವ ಜಾಹೀರಾತು ಉತ್ಸವದಲ್ಲಿ ಇದಕ್ಕೆ ಬೆಳ್ಳಿ ಸಿಂಹ ಬಂತು. ಪ್ರಶಸ್ತಿ ಇರಲಿ, ಪ್ರಶಸ್ತಿ ಗಿಟ್ಟಿಸಿಯೂ ಯಾರಿಗೂ ನೆನಪಿಲ್ಲದ ಜಾಹೀರಾತುಗಳು ರಾಶಿ ಬಿದ್ದಿವೆ. ಇಪ್ಪತ್ತು ವರ್ಷ ದಾಟಿದರೂ ಜನ ಇದನ್ನು ಬಾಯಲ್ಲೇ ವರ್ಣಿಸಿ ನಗುತ್ತಾರಲ್ಲ, ಅದು ಹೆಚ್ಚಿನದು. ಹಾಗೆ ಹೇಳುವಾಗ ಫೆವಿಕಾಲ್ ಹೆಸರನ್ನು ಬಿಡಲು ಅವರಿಂದ ಆಗುವುದೇ ಇಲ್ಲ. ಬಿಟ್ಟರೆ ಅದೊಂದು ತುಂಬಿದ ಬಸ್ಸು, ಅಷ್ಟೆ.

ತಮಾಷೆಯ ಜಾಹೀರಾತನ್ನು ಅಳೆಯಲು ನಾನು ನಂಬುವ ಅಳತೆಗೋಲು ಇದೇ. ಜಾಹೀರಾತನ್ನು ಪಕ್ಕದವರಿಗೆ ಕಥೆಯಾಗಿ ಹೇಳಿ, ಸರಕಿನ ಹೆಸರನ್ನು ಮಾತ್ರ ಮುಚ್ಚಿಡಿ. ಅವರು ಆಗಲೂ ಹೊಟ್ಟೆ ಹಿಡಿದು ನಕ್ಕರೆ ಕಂಪನಿ ಕೋಟಿಗಟ್ಟಲೆ ಸುರಿದು ನಿಮಗೊಂದು ಪುಕ್ಕಟೆ ಜೋಕು ಕೊಟ್ಟಿದೆ ಎಂದರ್ಥ. ಏನೂ ಅರ್ಥವಾಗದೆ ಮಿಕಿಮಿಕಿ ನೋಡಿದರೆ ಜಾಹೀರಾತು ಮಾಡಿದವರು ತಮ್ಮ ಕೆಲಸ ಬಲ್ಲವರು. "ಸೋಪಿಂದೋ ಪೇಸ್ಟಿಂದೋ ಒಂದು ಆ್ಯಡ್ ಬರ್ತಿತ್ತಲ್ಲ, ಎಷ್ಟು ಚೆನ್ನಾಗಿತ್ತು" ಎಂಬ ಮಾತನ್ನು ನಾವೆಲ್ಲ ಆಡಿದ್ದೇವೆ, ಕೇಳಿದ್ದೇವೆ. ಆ 'ಸೋಪೋ ಪೇಸ್ಟೋ' ಎಂಬ ಅನುಮಾನದಲ್ಲಿ ಯಾರದೋ ಒಂದು ವರ್ಷದ ಪ್ರಚಾರದ ದುಡ್ಡು ಮುಳುಗಿದೆ. ಜಾಹೀರಾತು ಮಂದಿ ಇದನ್ನು 'ವ್ಯಾಂಪೈರ್ ಎಫೆಕ್ಟ್' ಎಂದು ಕರೆಯುತ್ತಾರೆ. ನಟನೋ, ಹಾಡೋ, ಜೋಕೋ ಸರಕಿನ ರಕ್ತವನ್ನು ಹೀರಿ ತಾನು ಮಾತ್ರ ದಪ್ಪಗಾಗುವುದು.

ಫೆವಿಕಾಲ್ ಪ್ರಸಂಗವನ್ನು ಇನ್ನೂ ಸ್ವಲ್ಪ ಕೆದಕಿ ನೋಡಬೇಕು, ಯಾಕೆಂದರೆ ಅಂಟು ಎಂಬುದು ಮೂಲತಃ ನಗು ತರುವ ವಸ್ತುವೇ ಅಲ್ಲ. ಮೊದಲು ಬಡಗಿಗಳು ಬಳಸುತ್ತಿದ್ದುದು ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ಪ್ರತಿ ಸಲ ಬಿಸಿ ಮಾಡಬೇಕು, ವಾಸನೆ ತಡೆಯಬೇಕು. 1959ರಲ್ಲಿ ಬಲವಂತ್ ಪಾರೇಖ್ ಎಂಬ ಗುಜರಾತಿ ಉದ್ಯಮಿ ಒಲೆಯ ಹಂಗಿಲ್ಲದ ಬಿಳಿ ಅಂಟನ್ನು ಫೆವಿಕಾಲ್ ಹೆಸರಿನಲ್ಲಿ ತಂದರು. ಕಂಪನಿಗೆ ಪಿಡಿಲೈಟ್ ಎಂಬ ಹೆಸರು ಬಂದದ್ದು ಆಮೇಲೆ. ಇದನ್ನು ಕೊಳ್ಳುವವರು ಯಾರು ಎಂದು ಕೇಳಿಕೊಳ್ಳಿ. ಮನೆಗೆ ವಾರ್ಡ್‌ರೋಬ್ ಮಾಡಿಸುವವರು ಪ್ಲೈವುಡ್ ಯಾವುದು, ಲ್ಯಾಮಿನೇಟಿನ ಬಣ್ಣ ಯಾವುದು, ಹಿಡಿಕೆ ಹಿತ್ತಾಳೆಯದೋ ಸ್ಟೀಲಿನದೋ ಎಂದು ನಾಲ್ಕು ಅಂಗಡಿ ಸುತ್ತುತ್ತಾರೆ. ಅಂಟು ಯಾವುದೆಂದು ಯಾರೂ ಕೇಳುವುದಿಲ್ಲ. ಕಾರ್ಪೆಂಟರ್ ಒಂದು ಚೀಟಿ ಬರೆದುಕೊಡುತ್ತಾನೆ, ಹಾರ್ಡ್‌ವೇರ್ ಅಂಗಡಿಯವನು ತೂಗಿ ಕೊಡುತ್ತಾನೆ.

ಹಾಗಿದ್ದರೆ ಎಂದೂ ಅಂಟು ಕೊಳ್ಳದ ಕೋಟ್ಯಂತರ ಜನರಿಗೆ ಟಿ.ವಿ.ಯಲ್ಲಿ ಅಂಟನ್ನು ತೋರಿಸುವುದು ದಂಡವಲ್ಲವೆ? ಕಂಪನಿಯ ಲೆಕ್ಕ ಬೇರೆ ಇತ್ತು. ಮನೆಯಾಕೆಗೆ ಒಂದು ಹೆಸರು ಗೊತ್ತಿದ್ದರೆ ಚೀಟಿಯಲ್ಲಿ ಬೇರೆ ಹೆಸರು ಬಂದಾಗ "ಇದ್ಯಾವುದ್ರಿ?" ಎಂದು ಕೇಳುತ್ತಾಳೆ. ಕಾರ್ಪೆಂಟರಿಗೆ ಅಲ್ಲಿಂದ ಮುಂದೆ ವಿವರಣೆ ಕೊಡುವ ರಗಳೆ. ಅದರ ಬದಲು ಗೊತ್ತಿರುವ ಹೆಸರನ್ನೇ ಬರೆದರೆ ಮಾತೇ ಇಲ್ಲ. ಕೊಳ್ಳದವರ ಬಾಯಲ್ಲಿ ಹೆಸರು ಕೂರಿಸಿ ಕೊಳ್ಳುವವನ ಚೀಟಿಗೆ ತಲುಪಿಸುವ ಈ ಸುತ್ತು ದಾರಿಗೆ ತಮಾಷೆಯೇ ತಕ್ಕ ವಾಹನ. ಅಂಟಿನ ರಾಸಾಯನಿಕ ಗುಣವನ್ನು ಊಟದ ಹೊತ್ತಿನಲ್ಲಿ ವಿವರಿಸಿದರೆ ಯಾರು ಕೇಳುತ್ತಾರೆ? ಬಿದ್ದೇ ಬೀಳಬೇಕಾದವರು ಬೀಳಲಿಲ್ಲ ಎಂಬ ಕಥೆಯನ್ನಾದರೆ ಮಕ್ಕಳೂ ಕೇಳುತ್ತಾರೆ.

ಇದೇ ಸಾಲಿನ ಇನ್ನೊಂದು: ರಸ್ತೆ ಬದಿಯ ಢಾಬಾದಲ್ಲಿ ಅಡುಗೆಯವನು ಆಮ್ಲೆಟ್ಟಿಗೆ ಮೊಟ್ಟೆ ಒಡೆಯಲು ಹೋಗುತ್ತಾನೆ. ಒಡೆಯುವುದಿಲ್ಲ. ಕುಟ್ಟುತ್ತಾನೆ, ಜೋರಾಗಿ ಕುಟ್ಟುತ್ತಾನೆ, ಮೊಟ್ಟೆ ಜಪ್ಪಯ್ಯ ಎನ್ನುವುದಿಲ್ಲ. ಕೊನೆಗೆ ಮೊಟ್ಟೆಯಿಟ್ಟ ಕೋಳಿಯ ಕಡೆ ನೋಡಿದರೆ ಅದು ಫೆವಿಕಾಲ್ ಡಬ್ಬಿಯಲ್ಲಿ ಹಾಕಿದ ಕಾಳನ್ನು ಕುಕ್ಕುತ್ತಿದೆ. ಅದೇ ಕಂಪನಿಯ ಫೆವಿಕ್ವಿಕ್ ಜಾಹೀರಾತಿನಲ್ಲಿ ದುಬಾರಿ ಗಾಳ ಹಿಡಿದ ಒಬ್ಬ ಸೂಟುಬೂಟಿನವನು ಮೀನಿಗಾಗಿ ತಪಸ್ಸು ಮಾಡುತ್ತಿರುತ್ತಾನೆ. ಹಳ್ಳಿಯವನೊಬ್ಬ ಗಲಾಟೆ ಮಾಡುತ್ತ ಬಂದು ಕೋಲಿಗೆ ನಾಲ್ಕು ತೊಟ್ಟು ಅಂಟು ಹಚ್ಚಿ ನೀರಿಗಿಟ್ಟು ಎತ್ತಿದರೆ ಕೋಲಿನ ಉದ್ದಕ್ಕೂ ಮೀನು. ಮೂರೂ ಜಾಹೀರಾತುಗಳನ್ನು ಪಕ್ಕಪಕ್ಕ ಇಟ್ಟರೆ ಅವು ಹೇಳುವುದು ಒಂದೇ ಸಂಗತಿ: ಇದು ಬಿಡುವುದಿಲ್ಲ. ಬೇಗ ಒಣಗುತ್ತದೆ, ಅಗ್ಗ, ವಾಸನೆಯಿಲ್ಲ ಎಂಬ ಬಾಲಂಗೋಚಿಗಳಿಲ್ಲ. ಒಂದು ಗುಣವನ್ನು ಹಿಡಿದು ಅದನ್ನು ಹುಚ್ಚುಹುಚ್ಚಾಗಿ ಹಿಗ್ಗಿಸುವುದು. ಒಳ್ಳೆಯ ಹಾಸ್ಯ ಜಾಹೀರಾತಿನ ಕಟ್ಟಡ ಬಹುಮಟ್ಟಿಗೆ ಇಷ್ಟೇ, ಕಟ್ಟುವುದು ಮಾತ್ರ ಕಷ್ಟ. ಹತ್ತು ಗುಣಗಳಲ್ಲಿ ಒಂಬತ್ತನ್ನು ಬಿಡಲು ಯಾವ ಕಂಪನಿ ಮಾಲೀಕನೂ ಸುಲಭವಾಗಿ ಒಪ್ಪುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕೋಳಿ ಅಂಟಿನ ಡಬ್ಬಿಯ ಕಾಳು ತಿಂದರೆ ಮೊಟ್ಟೆ ಗಟ್ಟಿಯಾಗುವುದು ಹಸಿ ಸುಳ್ಳು. ಜಾಹೀರಾತಿನಲ್ಲಿ ಸುಳ್ಳು ಹೇಳಬಾರದಲ್ಲ? 1985ರಲ್ಲಿ ಈ ಉದ್ಯಮದವರೇ ಕಟ್ಟಿಕೊಂಡ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ, ಎಲ್ಲರೂ ಎಎಸ್‌ಸಿಐ ಎನ್ನುವ ಸಂಸ್ಥೆ, ತನ್ನ ಸಂಹಿತೆಯಲ್ಲಿ ಇದಕ್ಕೆ ಜಾಗ ಬಿಟ್ಟಿದೆ. ನೋಡಿದವರಿಗೆ ಇದು ನಗಿಸಲು ಹೇಳಿದ ಉತ್ಪ್ರೇಕ್ಷೆ ಎಂದು ಥಟ್ಟನೆ ತಿಳಿಯುವಂತಿದ್ದರೆ, ಅಕ್ಷರಶಃ ನಿಜವೆಂದು ಯಾರೂ ನಂಬುವಂತಿಲ್ಲದಿದ್ದರೆ, ಅಂಥ ಸುಳ್ಳಿಗೆ ಅಡ್ಡಿಯಿಲ್ಲ. ನನಗೆ ಈ ನಿಯಮ ಬಹಳ ಬುದ್ಧಿವಂತಿಕೆಯದು ಅನ್ನಿಸುತ್ತದೆ. ನಮಗೆ ಟೋಪಿ ಹಾಕುವ ಜಾಹೀರಾತುಗಳಲ್ಲಿ ಬಹುಪಾಲು ಗಂಭೀರ ಮುಖದವು. ಬಿಳಿ ಕೋಟು ಹಾಕಿಕೊಂಡ ನಟ, ಪರದೆಯ ಮೇಲೆ ಏರುವ ಬಾಣದ ಗುರುತು, ಇಷ್ಟು ದಿನದಲ್ಲಿ ಕೂದಲು ಬೆಳೆಯುತ್ತದೆ, ಮಗು ಎತ್ತರವಾಗುತ್ತದೆ ಎಂಬ ಲೆಕ್ಕ. ಗ್ರಾಹಕರ ರಕ್ಷಣೆಗೆಂದು 2019ರ ಕಾಯ್ದೆಯಡಿ ಬಂದ ಕೇಂದ್ರ ಪ್ರಾಧಿಕಾರ 2022ರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಮೇಲೆ ಮಾರ್ಗಸೂಚಿ ಹೊರಡಿಸಬೇಕಾಯಿತು. ಕೋಳಿಯ ಮೇಲೆ ಯಾರೂ ದೂರು ಕೊಡಬೇಕಾಗಿ ಬರುವುದಿಲ್ಲ.

ಜಾಹೀರಾತಿನ ಹಳೆಯ ಗುರುಗಳು ಮಾತ್ರ ನಗುವನ್ನು ಬಹಳ ಕಾಲ ಹೊಸ್ತಿಲಾಚೆ ನಿಲ್ಲಿಸಿದ್ದರು. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ 1923ರ ತಮ್ಮ ಪುಸ್ತಕದಲ್ಲಿ, ದುಡ್ಡು ಬಿಚ್ಚುವುದು ಗಂಭೀರ ವಿಷಯ, ವಿದೂಷಕನ ಕೈಯಿಂದ ಯಾರೂ ಸರಕು ಕೊಳ್ಳುವುದಿಲ್ಲ ಎಂದು ವಾದಿಸಿದ್ದರು. ಆ ಮಾತನ್ನು ಬಹುಕಾಲ ನಂಬಿದ ಡೇವಿಡ್ ಒಗಿಲ್ವಿ 1983ರಲ್ಲಿ, ಸಂಶೋಧನೆ ನೋಡಿದರೆ ತಮಾಷೆಯೂ ಮಾರುತ್ತದೆಂದು ಕಾಣುತ್ತದೆ ಎಂದು ಒಪ್ಪಿಕೊಂಡರು. ಮುಂದೆ ಅವರ ಹೆಸರಿನ ಏಜೆನ್ಸಿಯೇ ಭಾರತದಲ್ಲಿ ನಗಿಸಿ ನಗಿಸಿ ಅಂಟು ಮಾರಿತು.

ಅದನ್ನು ಮಾಡಿದ ಪೀಯೂಷ್ ಪಾಂಡೆ ಜೈಪುರದವರು. ರಾಜಸ್ಥಾನದ ಪರವಾಗಿ ರಣಜಿ ಕ್ರಿಕೆಟ್ ಆಡಿದವರು, ಚಹಾ ರುಚಿ ನೋಡುವ ಕೆಲಸ ಮಾಡಿದವರು, 1982ರಲ್ಲಿ ಏಜೆನ್ಸಿ ಸೇರಿದವರು. ಆ ಕಾಲಕ್ಕೆ ಮುಂಬೈಯ ಜಾಹೀರಾತು ಕಚೇರಿಗಳು ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಗೆ ಅನುವಾದಿಸುತ್ತಿದ್ದವು. ಪಾಂಡೆ ಬೀದಿಯಲ್ಲಿ, ಢಾಬಾದಲ್ಲಿ, ಬಡಗಿಯ ಕೊಟ್ಟಿಗೆಯಲ್ಲಿ ಆಡುವ ಹಿಂದಿಯನ್ನು ನೇರವಾಗಿ ಪರದೆಗೆ ತಂದರು. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಇದನ್ನು ನೆನೆದವು. ಹಿಂದಿಗೆ ಒಳ್ಳೆಯದಾಯಿತು. ಕನ್ನಡಕ್ಕೆ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಉತ್ಪ್ರೇಕ್ಷೆಯ ದಾರಿ ಬಿಟ್ಟು ನಗಿಸುವ ಇನ್ನೊಂದು ದಾರಿ ಇದೆ. ಭರತನ ನಾಟ್ಯಶಾಸ್ತ್ರ ಹಾಸ್ಯರಸಕ್ಕೆ ಕಾರಣಗಳನ್ನು ಪಟ್ಟಿ ಮಾಡುವಾಗ ವಿಕೃತ ವೇಷವನ್ನು ಮೊದಲಿಗೇ ಹೇಳುತ್ತದೆ. ತನಗೊಪ್ಪದ ಉಡುಗೆ, ತನ್ನದಲ್ಲದ ಆಭರಣ, ಅಸಂಬದ್ಧ ಮಾತು. ಯಾರು ಹೇಗಿರಬೇಕೋ ಹಾಗಿಲ್ಲದಿದ್ದಾಗ ನಗು ಹುಟ್ಟುತ್ತದೆ. ಇದನ್ನು ಕರ್ನಾಟಕದ ಜನಕ್ಕೆ ವಿವರಿಸಿ ಹೇಳಬೇಕಿಲ್ಲ, ರಾಹುಲ್ ದ್ರಾವಿಡ್ ಅದನ್ನು ಮಾಡಿ ತೋರಿಸಿದ್ದಾರೆ.

2021ರ ಏಪ್ರಿಲ್‌ನಲ್ಲಿ, ಐಪಿಎಲ್ ಶುರುವಾಗುವ ಹೊತ್ತಿಗೆ, ಬೆಂಗಳೂರಿನ ಕ್ರೆಡ್ ಎಂಬ ಕಂಪನಿಯ ಜಾಹೀರಾತು ಬಂತು. ನಟ ಜಿಮ್ ಸರ್ಭ್ ಮೊದಲು ಬಂದು, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ್ದಕ್ಕೆ ಬಹುಮಾನ ಕೊಡುತ್ತೇವೆಂದರೆ ನಂಬಲಿಕ್ಕಾಗುವುದಿಲ್ಲ, ರಾಹುಲ್ ದ್ರಾವಿಡ್‌ಗೆ ಸಿಟ್ಟಿನ ಕಾಯಿಲೆ ಇದೆ ಎಂದಷ್ಟೇ ವಿಚಿತ್ರ ಎನ್ನುತ್ತಾರೆ. ತಕ್ಷಣ ಟ್ರಾಫಿಕ್ ಜಾಮ್. ಕಾರಿನಲ್ಲಿ ಸಿಕ್ಕಿಕೊಂಡ ದ್ರಾವಿಡ್ ಹಾರ್ನ್ ಒತ್ತುತ್ತಾರೆ, ಅರಚುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆಯುತ್ತಾರೆ. ಕೊನೆಗೆ ಕಾರಿನ ಸನ್‌ರೂಫಿನಿಂದ ಎದ್ದು ನಿಂತು ಬ್ಯಾಟು ಬೀಸುತ್ತ, ತಾನು ಇಂದಿರಾನಗರದ ಗೂಂಡಾ ಎಂದು ಕೂಗುತ್ತಾರೆ.

ಈ ನಗುವಿಗೆ ಬಂಡವಾಳ ಹೂಡಿದವರು ಜಾಹೀರಾತಿನವರಲ್ಲ. ಹದಿನಾರು ವರ್ಷ ಟೆಸ್ಟ್ ಕ್ರಿಕೆಟ್ ಆಡಿ, ಬೌನ್ಸರಿಗೂ ಬೈಗುಳಕ್ಕೂ ಒಂದೇ ಮುಖ ತೋರಿಸಿದ ಮನುಷ್ಯ ದ್ರಾವಿಡ್. ಆ ಮುಖವನ್ನು ದೇಶ ನೋಡಿ ನೋಡಿ ಮನಸ್ಸಿನಲ್ಲಿ ಕೂರಿಸಿಕೊಂಡಿತ್ತು. ಜಾಹೀರಾತು ಆ ಗಂಟನ್ನು ಒಂದೇ ಸಲಕ್ಕೆ ಬಿಚ್ಚಿ ಖರ್ಚು ಮಾಡಿತು. ಸದಾ ಕೂಗಾಡುವ ಆಟಗಾರನನ್ನು ಅಲ್ಲಿ ನಿಲ್ಲಿಸಿದ್ದರೆ ಅದು ಸುದ್ದಿಯಾಗುತ್ತಿತ್ತೇ ಹೊರತು ಜೋಕಾಗುತ್ತಿರಲಿಲ್ಲ. ಮರುದಿನವೇ ಊರೆಲ್ಲ ಅದೇ ಮಾತು. ಇಂದಿರಾನಗರದ ಕಡೆ ಸಿಟ್ಟಿನ ಗೂಂಡಾ ಇರುವುದರಿಂದ ಊಟ ತಲುಪುವುದು ತಡವಾಗಬಹುದು ಎಂದು ಜೊಮ್ಯಾಟೊ ಕಂಪನಿ ಟ್ವೀಟ್ ಮಾಡಿ ತಾನೂ ಆ ನಗುವಿನಲ್ಲಿ ಪಾಲು ಪಡೆಯಿತು. ಬೆಂಗಳೂರಿನವರಿಗೆ ಇನ್ನೊಂದು ಪದರವೂ ಇತ್ತು: ಆ ಟ್ರಾಫಿಕ್ಕಿನಲ್ಲಿ ದ್ರಾವಿಡ್‌ಗೂ ತಾಳ್ಮೆ ತಪ್ಪುತ್ತದೆ ಎಂದರೆ ನಮ್ಮದೇನು ಮಹಾ. (ಇಂದಿರಾನಗರದ ಗೂಂಡಾ ಕೊನೆಯ ಕೂಗನ್ನು ಹಿಂದಿಯಲ್ಲಿ ಕೂಗಿದ್ದು ಹಲವರ ಕಿವಿಗೆ ಚುಚ್ಚಿತು. ಈಚಿನ ಇಂದಿರಾನಗರದ ವರದಿ ಎಂದು ತೆಗೆದುಕೊಂಡರೆ ಅದೂ ಹಾಸ್ಯವೇ.)

ಈಗ ನನ್ನ ಅಳತೆಗೋಲನ್ನು ಇಡಿ. ಕ್ರೆಡ್ ಹೆಸರು ತೆಗೆದು ಕಥೆ ಹೇಳಿದರೆ ನಗು ಪೂರ್ತಿ ಉಳಿಯುತ್ತದೆ. 'ಅದರಷ್ಟೇ ನಂಬಲಾಗದ್ದು ಇದು' ಎಂಬ ತೆಳು ದಾರದಿಂದ ಸರಕನ್ನು ಕಟ್ಟಿದ್ದಾರೆ, ಕತ್ತರಿಸಿದರೆ ಗೊತ್ತೇ ಆಗುವುದಿಲ್ಲ. ದ್ರಾವಿಡ್ ಎಲ್ಲರಿಗೂ ನೆನಪಿದ್ದಾರೆ; ಆ ಕಂಪನಿ ಏನು ಮಾಡುತ್ತದೆ ಎಂದು ಊರಲ್ಲಿರುವ ಸೋದರಮಾವನನ್ನು ಕೇಳಿ ನೋಡಿ. ಕಂಪನಿಯ ಪರವಾಗಿಯೂ ಒಂದು ಮಾತಿದೆ. ಅವರಿಗೆ ಬೇಕಾದದ್ದು ಕ್ರೆಡಿಟ್ ಕಾರ್ಡ್ ಇರುವ, ಮೊಬೈಲಿನಲ್ಲೇ ಬದುಕುವ ಪಟ್ಟಣದ ಜನ. ಹೊಸ ಹೆಸರೊಂದು ಅವರ ನಡುವೆ ಒಂದು ವಾರ ಸುಳಿದಾಡಿದರೆ ಸಾಕಿತ್ತು. ಅಷ್ಟು ಆಯಿತು. ಆದರೂ ಬಸ್ಸಿನ ಪಕ್ಕದಲ್ಲಿಟ್ಟರೆ ನನ್ನ ಮತ ಬಸ್ಸಿಗೇ.

ಜಾಹೀರಾತಿನ ನಗುವಿಗೆ ಸಿನಿಮಾದ ನಗುವಿಗಿಲ್ಲದ ಒಂದು ಶಾಪವಿದೆ. ಅದನ್ನು ಮತ್ತೆ ಮತ್ತೆ ತೋರಿಸುತ್ತಾರೆ. ನಿಯಮದ ಪ್ರಕಾರ ಟಿ.ವಿ. ವಾಹಿನಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಅದರಲ್ಲಿ ಎರಡು ನಿಮಿಷ ಸ್ವಂತ ಕಾರ್ಯಕ್ರಮಗಳ ಪ್ರಚಾರಕ್ಕೆ. ಉಳಿದ ಹತ್ತು ನಿಮಿಷದಲ್ಲಿ ಮೂವತ್ತು ಸೆಕೆಂಡಿನ ಇಪ್ಪತ್ತು ತುಣುಕು ಹಿಡಿಸುತ್ತವೆ. ಕ್ರಿಕೆಟ್ ಪಂದ್ಯದ ದಿನ ಒಂದೇ ಜೋಕನ್ನು ಹತ್ತಾರು ಬಾರಿ ಕೇಳಬೇಕು. ಗೆಳೆಯನೊಬ್ಬ ಒಂದೇ ಜೋಕನ್ನು ಒಂದು ಸಂಜೆಯಲ್ಲಿ ಹತ್ತು ಸಲ ಹೇಳಿದರೆ ನಾವು ಎದ್ದು ಹೋಗುತ್ತೇವೆ. ಅಚ್ಚರಿಯನ್ನೇ ನೆಚ್ಚಿದ ಜಾಹೀರಾತು ಎರಡನೇ ಓವರ್ ಮುಗಿಯುವಷ್ಟರಲ್ಲಿ ಸಾಯುತ್ತದೆ.

2009ರ ಐಪಿಎಲ್ ಹೊತ್ತಿನಲ್ಲಿ ವೊಡಾಫೋನ್ ಈ ಕಷ್ಟಕ್ಕೆ ಕಂಡುಕೊಂಡ ಉಪಾಯ ಪಾಠ ಹೇಳುವಂಥದ್ದು. ಚುನಾವಣೆಯ ಕಾರಣ ಆ ವರ್ಷ ಟೂರ್ನಿ ದಕ್ಷಿಣ ಆಫ್ರಿಕಕ್ಕೆ ಹೋಗಿತ್ತು. ಇನ್ನಿಂಗ್ಸಿನ ನಡುವೆ ಏಳೂವರೆ ನಿಮಿಷದ ತಂತ್ರಗಾರಿಕೆ ವಿರಾಮವೂ ಆ ವರ್ಷವೇ ಬಂತು. ತಂತ್ರ ಯಾರು ಹೂಡಿದರೋ, ಜಾಹೀರಾತಿನವರಿಗಂತೂ ಹಬ್ಬ. ವೊಡಾಫೋನ್ ಒಂದು ಜೋಕನ್ನು ಮೂವತ್ತು ಸಲ ತೋರಿಸುವ ಬದಲು ಸುಮಾರು ಮೂವತ್ತು ಪುಟ್ಟ ಚಿತ್ರಗಳನ್ನು ಮಾಡಿಸಿ ದಿನಕ್ಕೊಂದರಂತೆ ಬಿಟ್ಟಿತು. ಎಲ್ಲದರಲ್ಲೂ ಅದೇ ಜೀವಿಗಳು: ಮೊಟ್ಟೆಯಂಥ ತಲೆ, ಬಿಳಿ ಮೈ, ಕಡ್ಡಿ ಕಾಲು, ಅರ್ಥವಿಲ್ಲದ ಗೊಣಗು ಭಾಷೆ. ಜೂಜೂಗಳು.

ಬಹಳ ಜನ ಅವನ್ನು ಕಂಪ್ಯೂಟರಿನಲ್ಲಿ ಬಿಡಿಸಿದ ಗೊಂಬೆಗಳೆಂದುಕೊಂಡಿದ್ದರು. ಒಳಗಿದ್ದದ್ದು ಮನುಷ್ಯರು. ಒಗಿಲ್ವಿಯ ರಾಜೀವ್ ರಾವ್ ಅವರ ಕಲ್ಪನೆಯನ್ನು ಚಿತ್ರೀಕರಿಸಿದ್ದು ಪ್ರಕಾಶ್ ವರ್ಮಾ ಅವರ ನಿರ್ವಾಣ ಫಿಲ್ಮ್ಸ್, ನಮ್ಮ ಬೆಂಗಳೂರಿನ ಸಂಸ್ಥೆ. ಕೇಪ್ ಟೌನ್‌ನಲ್ಲಿ ತೆಳ್ಳಗಿನ ಕಲಾವಿದರಿಗೆ, ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಬಿಳಿ ಕವಚ ತೊಡಿಸಿ, ಮುಖದ ಭಾವಗಳನ್ನು ಮೇಲಿಂದ ಅಂಟಿಸಿ, ಸೆಕೆಂಡಿಗೆ 20 ಫ್ರೇಮಿನಂತೆ ಚಿತ್ರಿಸಿದರು. ಸಾಮಾನ್ಯ ವೇಗಕ್ಕಿಂತ ಕಡಿಮೆಯಾದ್ದರಿಂದ ನಡಿಗೆಯಲ್ಲಿ ಒಂದು ಬಗೆಯ ಗಡಿಬಿಡಿ ಬಂತು. ನಗು ಕೂತಿದ್ದು ಆ ನಡಿಗೆಯಲ್ಲಿ. ಕಥೆ ಗೊತ್ತಿದ್ದರೂ ಆ ನಡಿಗೆಗಾಗಿ ಇನ್ನೊಮ್ಮೆ ನೋಡಬಹುದು. ನಮ್ಮ ಹಾಸ್ಯನಟ ನರಸಿಂಹರಾಜು ಪರದೆಗೆ ಬಂದ ಕೂಡಲೇ, ಇನ್ನೂ ಬಾಯಿ ತೆರೆಯುವ ಮೊದಲೇ, ಟೆಂಟಿನಲ್ಲಿ ನಗೆ ಏಳುತ್ತಿತ್ತಂತೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕಕ್ಕೆ ಮಾತು ಬಾಯಿಪಾಠವಿದ್ದವರೇ ಮತ್ತೆ ಟಿಕೆಟ್ ಕೊಳ್ಳುತ್ತಿದ್ದರು. ಏನು ಹೇಳುತ್ತಾರೆಂಬುದು ತಿಳಿದ ಮೇಲೂ ಹೇಗೆ ಹೇಳುತ್ತಾರೆಂಬುದು ಉಳಿಯುತ್ತದೆ. ಹತ್ತನೇ ಸಲಕ್ಕೂ ತಡೆಯುವ ಜಾಹೀರಾತುಗಳು ನಿಂತಿರುವುದು ಅಲ್ಲಿ.

ಬಸ್ಸಿನಲ್ಲಿ ಮಾತಿಲ್ಲ, ಜೂಜೂಗಳಿಗೆ ಭಾಷೆಯಿಲ್ಲ. ಕನ್ನಡಿಗರು ನಿಜವಾಗಿ ಮನಸಾರೆ ನಕ್ಕ ಜಾಹೀರಾತುಗಳಲ್ಲಿ ಮೂಕ ಜಾಹೀರಾತುಗಳೇ ಮುಂದಿರುವುದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ. ಮಾತಿರುವ ಜಾಹೀರಾತು ನಮಗೆ ಬರುವುದು ಡಬ್ಬಿಂಗ್ ಮೂಲಕ. 1960ರ ದಶಕದ ಚಳವಳಿಯ ನಂತರ ಡಬ್ ಆದ ಸಿನಿಮಾಗಳನ್ನು ಕನ್ನಡ ಚಿತ್ರೋದ್ಯಮ ದಶಕಗಳ ಕಾಲ ಗಡಿಯಾಚೆ ತಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟು ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕುವವರೆಗೂ ಜಗಳ ನಡೆಯಿತು. ಈ ಎಲ್ಲ ಕಾಲದಲ್ಲೂ ಡಬ್ ಆದ ಜಾಹೀರಾತುಗಳು ದಿನಾ ಸಂಜೆ ನಡುಮನೆಗೆ ನಿರಾತಂಕವಾಗಿ ಬರುತ್ತಿದ್ದವು. ಅವನ್ನು ಯಾರೂ ತಡೆಯಲಿಲ್ಲ, ಬಹುಶಃ ಅವನ್ನು ಯಾರೂ ಕನ್ನಡವೆಂದು ಲೆಕ್ಕಕ್ಕೇ ಹಿಡಿಯಲಿಲ್ಲ.

ಡಬ್ಬಿಂಗಿನಲ್ಲಿ ಹಾಸ್ಯ ಸಾಯುವುದಕ್ಕೆ ಕಾರಣ ಅನುವಾದಕರ ಅಜ್ಞಾನ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಕೆಲಸದ ರೀತಿಯೇ ಹಾಗಿದೆ. ಮುಂಬೈಯಲ್ಲಿ ಚಿತ್ರ ಸಿದ್ಧವಾಗಿರುತ್ತದೆ, ತುಟಿಗಳು ಆಗಲೇ ಆಡಿ ಮುಗಿಸಿರುತ್ತವೆ. ಕನ್ನಡದ ಮಾತು ಆ ತುಟಿಗಳ ಅಳತೆಗೆ ಕೂರಬೇಕು. ವಿಭಕ್ತಿ, ಪ್ರತ್ಯಯ ಸೇರಿ ನಮ್ಮ ಪದಗಳು ಉದ್ದ. ಹಿಂದಿಯಲ್ಲಿ ಎರಡು ಸೆಕೆಂಡಿಗೆ ಮುಗಿಯುವ ಮಾತಿಗೆ ಕನ್ನಡದಲ್ಲಿ ಮೂರು ಬೇಕಾಗುತ್ತದೆ. ಸಮಯ ಸಿಗದಾಗ ಕಲಾವಿದರು ಓಡುತ್ತಾರೆ. ಜೋಕಿಗೆ ಮುಂಚೆ ಬೇಕಾದ ಆ ಅರೆಗಳಿಗೆಯ ಮೌನ ಮೊದಲು ಬಲಿಯಾಗುತ್ತದೆ. ಮೌನ ಹೋದ ಮೇಲೆ ಪಂಚ್ ಬಿದ್ದರೂ ಅದು ಪಂಚ್ ಎಂದು ನಮಗೆ ತಿಳಿಯುವುದಿಲ್ಲ.

ಇದರ ಜೊತೆಗೆ ಊರಿನ ಪ್ರಶ್ನೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಮಾತಿಗೆ ಜನ ಬಿದ್ದು ಬಿದ್ದು ನಗುವುದರಲ್ಲಿ ವಿಷಯದ ಪಾಲೆಷ್ಟೋ ಆ ಕಡೆಯ ರಾಗದ ಪಾಲೂ ಅಷ್ಟೇ. ಮಂಗಳೂರಿನವರ ತಮಾಷೆಗೆ ಬೇರೆ ತಾಳ, ಮಂಡ್ಯದ್ದಕ್ಕೆ ಬೇರೆ. ಡಬ್ ಆದ ಜಾಹೀರಾತಿನ ಕನ್ನಡ ಯಾವ ಊರಿನದೂ ಅಲ್ಲ. ಅದರಲ್ಲಿ ಅಮ್ಮ ಮಗನನ್ನು ಕರೆದು "ಇದುವೇ ನಿನ್ನ ಶಕ್ತಿಯ ರಹಸ್ಯ" ಎನ್ನುತ್ತಾಳೆ. ಭೂಮಿಯ ಮೇಲಿನ ಯಾವ ಕನ್ನಡದ ತಾಯಿಯೂ ಹೀಗೆ ಮಾತಾಡಿದ್ದಿಲ್ಲ. ನಮ್ಮಮ್ಮಂದಿರು "ಕುಡೀತೀಯೋ ಇಲ್ಲ ಮೂಗು ಹಿಡಿದು ಹೊಯ್ಲೋ" ಎನ್ನುವವರು. ಮೂವತ್ತು ವರ್ಷದ ಹಿಂದೆ ಪಾಂಡೆ ಇಂಗ್ಲಿಷಿನಿಂದ ಹಿಂದಿಯನ್ನು ಬಿಡಿಸಿಕೊಂಡರಲ್ಲ, ಹಿಂದಿಯಿಂದ ಕನ್ನಡವನ್ನು ಬಿಡಿಸುವ ಕೆಲಸ ದೊಡ್ಡ ಬ್ರ್ಯಾಂಡುಗಳ ಮಟ್ಟಿಗೆ ಇನ್ನೂ ಪೂರ್ತಿ ಆಗಿಲ್ಲ. ಕಾರಣ ದುಡ್ಡು: ಒಂದೇ ಚಿತ್ರ ತೆಗೆದು ಎಂಟು ಭಾಷೆಗೆ ಡಬ್ ಮಾಡುವುದು ಎಂಟು ಚಿತ್ರ ತೆಗೆಯುವುದಕ್ಕಿಂತ ಎಷ್ಟೋ ಅಗ್ಗ.

ನಗು ಸರಕಿಗೆ ಚೆನ್ನಾಗಿ ಅಂಟಿದರೆ ಸಾಕು ಎಂದು ಇಷ್ಟು ಹೊತ್ತು ವಾದಿಸಿದ ನಾನು ಅದಕ್ಕೊಂದು ಅಡ್ಡಿಯನ್ನೂ ಹೇಳಬೇಕು. 2022ರ ಜೂನ್‌ನಲ್ಲಿ ಲೇಯರ್ ಶಾಟ್ ಎಂಬ ಸುಗಂಧದ ಜಾಹೀರಾತು ಬಂತು. ಅಂಗಡಿಯಲ್ಲಿ ಒಬ್ಬಳೇ ಹುಡುಗಿ, ಹಿಂದೆ ನಾಲ್ವರು ಗಂಡಸರು. ನಾವು ನಾಲ್ವರು, ಇರುವುದು ಒಂದೇ, ಶಾಟ್ ಯಾರಿಗೆ ಎಂಬ ಧಾಟಿಯಲ್ಲಿ ಅವರು ಮಾತಾಡುತ್ತಾರೆ. ಹುಡುಗಿ ನಡುಗಿ ತಿರುಗಿ ನೋಡುತ್ತಾಳೆ. ಅವರು ಹೇಳುತ್ತಿದ್ದದ್ದು ಕಪಾಟಿನಲ್ಲಿ ಉಳಿದ ಒಂದೇ ಬಾಟಲಿಯ ಬಗ್ಗೆ. ಸರಕಿನ ಹೆಸರು ತೆಗೆದರೆ ಈ ಜೋಕು ನಿಲ್ಲುವುದಿಲ್ಲ, ಅಂದರೆ ನನ್ನ ಪರೀಕ್ಷೆಯಲ್ಲಿ ಇದು ಪಾಸು. ಆದರೆ ಜೋಕಿಗೆ ಮುಂಚಿನ ಬಿಗುವು ಹುಟ್ಟಿದ್ದು ಒಬ್ಬ ಹೆಣ್ಣಿನ ಭಯದಿಂದ, ಅದೂ ದಿನಾ ಪತ್ರಿಕೆ ಓದುವ ಯಾವ ಹೆಣ್ಣಿಗೂ ಕಾಲ್ಪನಿಕವಲ್ಲದ ಭಯದಿಂದ. ಎಎಸ್‌ಸಿಐ ತಡೆಯಿತು, ಕೇಂದ್ರ ಸರ್ಕಾರ ಯೂಟ್ಯೂಬ್, ಟ್ವಿಟರ್‌ಗಳಿಂದ ತೆಗೆಸಿತು, ಕಂಪನಿ ಕ್ಷಮೆ ಕೇಳಿತು.

ಮರುವರ್ಷ ಪರಿಸರ ದಿನಕ್ಕೆ ಜೊಮ್ಯಾಟೊ, 'ಲಗಾನ್' ಚಿತ್ರದ ದಲಿತ ಪಾತ್ರ ಕಚ್ರಾ (ಎಂದರೆ ಕಸ) ಆಗಿ ನಟಿಸಿದ್ದವರನ್ನೇ ಕರೆತಂದು ದೀಪ, ಹೂಕುಂಡ, ಮೇಜು ಎಂದು ಕೂರಿಸಿ, ಇಷ್ಟು ಕಿಲೋ ಕಸದಿಂದ ಇದಾಯಿತು ಎಂದು ತೋರಿಸಿತು. ಉದ್ದೇಶ ಪ್ಲಾಸ್ಟಿಕ್ ಮರುಬಳಕೆಯ ಪ್ರಚಾರ. ಪರದೆಯ ಮೇಲೆ ಕಂಡದ್ದು ಮನುಷ್ಯನೊಬ್ಬನನ್ನು ಸಾಮಾನು ಮಾಡಿದ ದೃಶ್ಯ, ಆ ಹೆಸರಿನ ಹಿಂದಿನ ಜಾತಿಯ ಭಾರದೊಂದಿಗೆ. ಪ್ರತಿಭಟನೆ ಎದ್ದು ಕೆಲವೇ ದಿನದಲ್ಲಿ ಹಿಂತೆಗೆದರು. ಭರತನ ಪಟ್ಟಿಯಲ್ಲಿ ಅಂಗವೈಕಲ್ಯವನ್ನು ತೋರಿಸುವುದೂ ನಗುವಿನ ಕಾರಣಗಳಲ್ಲಿ ಒಂದು. ಆ ಕಾಲದ ಸಭೆ ಅದಕ್ಕೆ ನಕ್ಕಿರಬಹುದು. ಇಂದಿನ ನಡುಮನೆಯಲ್ಲಿ ಅಂಥ ನಗೆಗೆ ಒಳಗಾದವರೂ ಕೂತು ಟಿ.ವಿ. ನೋಡುತ್ತಿರುತ್ತಾರೆ, ಅವರೂ ಗ್ರಾಹಕರೇ.

ಟಿ.ವಿ. ಜಾಹೀರಾತಿನ ಹಾಸ್ಯಕ್ಕೆ ಒಂದು ಕಾಲದಲ್ಲಿ ಸಿಕ್ಕಿದ್ದ ಅನುಕೂಲ ಈಗ ಇಲ್ಲ. 1976ರ ಜನವರಿ 1ರಂದು ದೂರದರ್ಶನ ಜಾಹೀರಾತಿಗೆ ಬಾಗಿಲು ತೆರೆದಾಗ ನೋಡುಗನಿಗೆ ಇದ್ದದ್ದು ಒಂದೇ ವಾಹಿನಿ. ರಿಮೋಟ್ ಇರಲಿಲ್ಲ. ಮೂವತ್ತು ಸೆಕೆಂಡು ಕಾದು ಕೊನೆಗೆ ನಗಿಸಬಹುದಿತ್ತು. ಯೂಟ್ಯೂಬಿನಲ್ಲಿ ಐದು ಸೆಕೆಂಡಿಗೆ 'ಸ್ಕಿಪ್' ಗುಂಡಿ ಬರುತ್ತದೆ, ಹೆಬ್ಬೆರಳು ಮೊದಲೇ ಅಲ್ಲಿ ಕಾದಿರುತ್ತದೆ. ಅಮೆರಿಕದ ವಿಮಾ ಕಂಪನಿ ಗೈಕೋ 2015ರಲ್ಲಿ ಈ ಗುಂಡಿಯನ್ನೇ ಜೋಕಿನ ವಸ್ತು ಮಾಡಿಕೊಂಡಿತು. ಊಟದ ಮೇಜಿನ ಮುಂದೆ ಒಂದು ಸಂಸಾರ. ಐದು ಸೆಕೆಂಡಿನೊಳಗೆ ವಿಮೆಯ ಮಾತು ಮುಗಿದು, ಜಾಹೀರಾತು ಆಗಲೇ ಮುಗಿದದ್ದರಿಂದ ನೀವು ಇದನ್ನು ದಾಟಿಸಲಾರಿರಿ ಎಂಬ ದನಿ ಕೇಳುತ್ತದೆ. ಎಲ್ಲರೂ ಚಿತ್ರ ನಿಂತುಹೋದಂತೆ ಇದ್ದಲ್ಲೇ ಸ್ತಬ್ಧರಾಗುತ್ತಾರೆ. ಗೊತ್ತಿಲ್ಲದ್ದು ನಾಯಿಗೆ ಮಾತ್ರ. ದೊಡ್ಡ ಗಾತ್ರದ ಆ ನಾಯಿ ಮೇಜು ಹತ್ತಿ ಒಬ್ಬೊಬ್ಬರ ತಟ್ಟೆಗೂ ಬಾಯಿ ಹಾಕುತ್ತದೆ, ಕದಲದೆ ಕೂತವರ ಕಣ್ಣು ಮಾತ್ರ ಒದ್ದಾಡುತ್ತದೆ. ಸ್ಕಿಪ್ ಮಾಡಬಹುದಾದ ಜಾಹೀರಾತನ್ನು ಜನ ಕೊನೆವರೆಗೂ ನೋಡಿದರು. ಕಾನ್‌ನಲ್ಲಿ ಆ ವರ್ಷದ ಚಲನಚಿತ್ರ ವಿಭಾಗದ ಅತ್ಯುಚ್ಚ ಪ್ರಶಸ್ತಿ ಅದಕ್ಕೆ ಬಂತು.

ಕನ್ನಡದಲ್ಲಿ ಜಾಹೀರಾತಿನ ಹೊಸ ಹಾಸ್ಯ ಈಗ ಟಿ.ವಿ.ಗಿಂತ ಹೆಚ್ಚಾಗಿ ರೀಲ್ಸಿನಲ್ಲಿ ಹುಟ್ಟುತ್ತಿದೆ. ಹುಬ್ಬಳ್ಳಿಯ ಹುಡುಗ ಹುಬ್ಬಳ್ಳಿಯ ಮಾತಿನಲ್ಲೇ ಅತ್ತೆ ಸೊಸೆ ಎರಡೂ ಪಾತ್ರ ಹಾಕುತ್ತಾನೆ, ಕುಂದಾಪುರದವಳು ಕುಂದಾಪ್ರ ಕನ್ನಡದಲ್ಲೇ ಬೈಯುತ್ತಾಳೆ. ಡಬ್ಬಿಂಗ್ ಕೊಂದ ಊರಿನ ರಾಗ ಇಲ್ಲಿ ಮರಳಿ ಬಂದಿದೆ. ಕೊರತೆ ಸರಕಿನ ಕಡೆಗಿದೆ. ಒಂದು ನಿಮಿಷದ ಜೋಕು ತನ್ನ ಪಾಡಿಗೆ ತಾನು ಮುಗಿದ ಮೇಲೆ, ಯಾವ ಸಂಬಂಧವೂ ಇಲ್ಲದೆ, ಕೊನೆಗೆ ಒಂದು ಮಸಾಲೆ ಪೊಟ್ಟಣವೋ ಆ್ಯಪೋ ಪ್ರತ್ಯಕ್ಷವಾಗುತ್ತದೆ. ಹೆಸರು ಮುಚ್ಚಿಟ್ಟು ಹೇಳಿದರೆ ಇವುಗಳಲ್ಲಿ ಬಹುಪಾಲಿಗೆ ಏನೂ ಆಗುವುದಿಲ್ಲ. ದುಡ್ಡು ಪಡೆದು ಮಾಡಿದ ವಿಡಿಯೊದ ಮೇಲೆ ಅದು ಜಾಹೀರಾತೆಂದು ಎದ್ದು ಕಾಣುವಂತೆ ಬರೆಯಬೇಕೆಂದು ಎಎಸ್‌ಸಿಐ 2021ರಲ್ಲೇ ನಿಯಮ ಮಾಡಿದೆ. ಈ ಚೀಟಿ ಅಂಟಿಸಿದರೆ ಗುಟ್ಟು ರಟ್ಟಾಗಿ ನಗು ಕೆಡುತ್ತದೆಂದು ರೀಲ್ಸ್ ಮಾಡುವವರು ಗೊಣಗುತ್ತಾರೆ. ಜಾಣರು ಅದನ್ನೇ ಬಳಸಿಕೊಳ್ಳಲು ಕಲಿತಿದ್ದಾರೆ. ಚೀಟಿ ನೋಡಿದ ಪ್ರೇಕ್ಷಕ ಪೊಟ್ಟಣ ಯಾವಾಗ ಬರುತ್ತದೋ ಎಂದು ಕಾಯಲು ಶುರುಮಾಡುತ್ತಾನೆ. ಅತ್ತೆ ಡಬ್ಬಿಯ ಕಡೆ ಕೈ ಚಾಚುತ್ತಾಳೆ, ಈಗ ಬಂತು ಎನ್ನುವಷ್ಟರಲ್ಲಿ ಪಕ್ಕದ ಉಪ್ಪಿನ ಭರಣಿ ಎತ್ತಿಕೊಳ್ಳುತ್ತಾಳೆ. ಅವನ ಆ ಕಾಯುವಿಕೆಯ ಜೊತೆ ಹೀಗೆ ಆಟವಾಡಿ, ಎರಡು ಸಲ ಸುಳ್ಳು ಸುಳಿವು ಕೊಟ್ಟು, ಮೂರನೇ ಸಲಕ್ಕೆ ಪೊಟ್ಟಣವನ್ನೇ ಪಂಚ್ ಮಾಡುವವರು ಒಬ್ಬಿಬ್ಬರು ಕಾಣಿಸುತ್ತಿದ್ದಾರೆ.